ಕಟ್ಟು ನೀರಿನ ರಜೆ: ಹದಿಮೂರು ವರ್ಷ ಬಳಸಿದ ಹಾಲಿಡೇ ಮೆಂಬರ್‌ಶಿಪ್

ತಗೊಂಡಿದ್ದು 2012ರ ಡಿಸೆಂಬರ್. ಅವಧಿ 25 ವರ್ಷ. ಕಂಪನಿಯ ರೆಸಾರ್ಟುಗಳಲ್ಲಿ ವರ್ಷಕ್ಕೆ 7 ರಾತ್ರಿ, ಸ್ಟುಡಿಯೋ ರೂಮು, ಮಿಡ್ ಸೀಸನ್, ಅಂದರೆ ಜನ ಮುಗಿಬೀಳೋ ಪೀಕ್ ದಿನಗಳು ಬಿಟ್ಟು. ಬೆಲೆ 3,20,000 ರೂಪಾಯಿ, ಮೇಲೆ ಕಂತಿನ ಬಡ್ಡಿ 41,000. ಮಿಕ್ಸಿ ತಗೊಂಡು ಒಂದು ಸಲ ಚಟ್ನಿ ರುಬ್ಬಿ ಐದು ಸ್ಟಾರ್ ಕೊಡೋರಿದ್ದಾರೆ. ನಾನು ಹದಿಮೂರು ವರ್ಷ ಬಳಸಿ ಬರೀತಾ ಇದ್ದೀನಿ. ಕಂಪನಿ ಹೆಸರು ಹಾಕಲ್ಲ. ಇನ್ನೂ ಹನ್ನೆರಡು ವರ್ಷ ಅವರ ಹತ್ತಿರವೇ ರೂಮು ಕೇಳಬೇಕು ನಾನು.

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ನಮ್ಮ ಯಜಮಾನರದು ಎಲೆಕ್ಟ್ರಿಕಲ್ಸ್ ಅಂಗಡಿ. ಇಬ್ಬರದೂ ಮಂಡ್ಯ ಕಡೆಯ ಊರು, ಮನೆ ಕುವೆಂಪುನಗರದಲ್ಲಿ. ಇದನ್ನೆಲ್ಲ ಯಾಕೆ ಹೇಳ್ತಾ ಇದ್ದೀನಿ ಅಂದರೆ, ಈ ಮೆಂಬರ್‌ಶಿಪ್ ಮಾರುವವರು ಮೊದಲು ಕೇಳೋದೇ ಇದನ್ನ.

ಆ ವರ್ಷದ ದಸರಾದಲ್ಲಿ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಹೋಗಿದ್ವಿ. ಒಂದು ಕೈಯಲ್ಲಿ ಡೆಲ್ಲಿ ಹಪ್ಪಳ, ಇನ್ನೊಂದು ಕೈಯಲ್ಲಿ ಮಗ. ಒಬ್ಬ ಹುಡುಗ ಕೂಪನ್ ಕೊಟ್ಟ, ತುಂಬಿ ಡಬ್ಬಕ್ಕೆ ಹಾಕಿದ್ವಿ. ಒಂದು ತಿಂಗಳು ಬಿಟ್ಟು ಫೋನು. ‘ಕಂಗ್ರಾಚುಲೇಷನ್ಸ್ ಮೇಡಂ, ನಿಮಗೆ ಗಿಫ್ಟ್ ಬಂದಿದೆ.’ ಆಮೇಲೆ ಒಂದೊಂದೇ ಪ್ರಶ್ನೆ. ಸರ್‌ಗೆ ಫೋರ್ ವೀಲರ್ ಇದೆಯಾ? ಮನೆ ಸ್ವಂತದ್ದಾ? ಕ್ರೆಡಿಟ್ ಕಾರ್ಡ್ ಯಾವ ಬ್ಯಾಂಕು? ವಯಸ್ಸೆಷ್ಟು? ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಬರಬೇಕು, ಒಬ್ಬರೇ ಬಂದರೆ ಗಿಫ್ಟ್ ಇಲ್ಲ. ನನ್ನ ಮದುವೆ ಮಾತುಕತೆಯಲ್ಲಿ ಕೂಡ ಗಂಡಿನ ಕಡೆಯವರು ಇಷ್ಟು ಕೇಳಿರಲಿಲ್ಲ. ಎಲ್ಲಾ ಪ್ರಶ್ನೆಯಲ್ಲೂ ಪಾಸಾದೆವು ಅಂತ ನನಗೆ ಒಳಗೊಳಗೇ ಖುಷಿಯಾಯಿತು ನೋಡಿ, ಅಲ್ಲೇ ಅರ್ಧ ವ್ಯಾಪಾರ ಕುದುರಿತ್ತು.

ಹೋಟೆಲಿನ ಹಾಲಿನಲ್ಲಿ ಹತ್ತು ಹನ್ನೆರಡು ಟೇಬಲ್ಲು. ಪ್ರತಿ ಟೇಬಲ್ಲಿಗೆ ಒಂದು ದಂಪತಿ, ಒಬ್ಬ ಟೈ ಕಟ್ಟಿದ ಹುಡುಗ. ನಮ್ಮ ಹುಡುಗ ತುಂಬಾ ಮರ್ಯಾದೆಯವನು. ‘ಹೋದ ವರ್ಷ ಹಾಲಿಡೇಗೆ ಎಲ್ಲಿಗೆ ಹೋಗಿದ್ರಿ ಸರ್?’ ಅಂತ ಕೇಳಿದ. ಇವರು ಹೆಮ್ಮೆಯಿಂದ ‘ಧರ್ಮಸ್ಥಳ, ಕುಕ್ಕೆ, ಹೊರನಾಡು’ ಅಂದರು. ಹುಡುಗ ನಕ್ಕು, ‘ಅದು ಪಿಲ್ಗ್ರಿಮೇಜ್ ಸರ್. ಹಾಲಿಡೇ?’ ಅಂದ. ಇವರು ನನ್ನ ಮುಖ ನೋಡಿದರು. ನಾನು ‘ಬೇಸಿಗೆ ರಜಕ್ಕೆ ಊರಿಗೆ ಹೋಗ್ತೀವಿ’ ಅಂದೆ. ಅವನು ಹಾಳೆಯ ಮೇಲೆ ‘ಹಾಲಿಡೇ’ ಅಂತ ಬರೆದು ಅದರ ಎದುರಿಗೆ ಒಂದು ಸೊನ್ನೆ ಸುತ್ತಿದ.

ಮೂವತ್ತು ವರ್ಷದಿಂದ ಮಕ್ಕಳ ಪೇಪರಿನಲ್ಲಿ ಸೊನ್ನೆ ಸುತ್ತುತ್ತಾ ಬಂದವಳು ನಾನು. ಅದು ಎಷ್ಟು ಉರಿಯುತ್ತೆ ಅಂತ ಆವತ್ತು ಗೊತ್ತಾಯಿತು.

ಆಮೇಲಿನದು ಬೇಗ ಹೇಳಿ ಮುಗಿಸ್ತೀನಿ. 4,60,000 ಅಂತ ಬರೆದದ್ದನ್ನ ಹೊಡೆದು 3,90,000 ಮಾಡಿದರು. ಮ್ಯಾನೇಜರ್ ಬಂದು ಅದನ್ನೂ ಹೊಡೆದು 3,20,000 ಮಾಡಿದರು, ‘ಇವತ್ತು ಮಾತ್ರ’ ಅಂದರು. ಪಕ್ಕದ ಟೇಬಲ್ಲಿನವರು ಸಹಿ ಹಾಕಿದ ಕೂಡಲೇ ಯಾರೋ ಗಂಟೆ ಬಾರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಕಾಯಿಲ್ ವೈರಿಗೆ ಐದು ರೂಪಾಯಿ ಜಾಸ್ತಿ ಹೇಳಿದರೆ ಡಿಸ್ಟ್ರಿಬ್ಯೂಟರ್ ಹತ್ತಿರ ಅರ್ಧ ಗಂಟೆ ಜಗಳ ಆಡೋ ಮನುಷ್ಯ ನಮ್ಮನೆಯವರು. ಅವತ್ತು ಒಂದು ಮಾತು ಚೌಕಾಸಿ ಮಾಡಲಿಲ್ಲ. ಆ ಹಾಲಿನಲ್ಲಿ ಚೌಕಾಸಿ ಮಾಡಿದರೆ ನಾವು ಎಂಥವರು ಅಂತ ಗೊತ್ತಾಗಿಬಿಡುತ್ತೆ ಅನ್ನೋ ಭಯ. ನಮಗೂ ಗಂಟೆ ಬಾರಿಸಿದರು. ಗಿಫ್ಟು ಇಪ್ಪತ್ತನಾಲ್ಕು ಪೀಸಿನ ಡಿನ್ನರ್ ಸೆಟ್. ಈಗ ಮೂರು ತಟ್ಟೆ ಉಳಿದಿದೆ. ಡಿನ್ನರ್ ಸೆಟ್‌ಗೆ ನಾಲ್ಕು ಸ್ಟಾರ್.

ಆ ಭಾನುವಾರ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪನದು ವಿ.ಸಿ. ನಾಲೆ ಬಯಲಿನ ಎರಡು ಎಕರೆ ಗದ್ದೆ. ಬೆಳಿಗ್ಗೆ ಎದ್ದು ಪೇಪರಿನಲ್ಲಿ ಮೊದಲು ನೋಡೋದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, 124.80 ಅಡಿಗೆ ಇನ್ನೆಷ್ಟು ಬಾಕಿ ಅಂತ. ‘ಅಂಗಂದ್ರೆ ಮನೆ ನಿಮ್ದಾ?’ ಅಂದರು. ಇಲ್ಲಪ್ಪ, ವರ್ಷದಲ್ಲಿ ಏಳು ದಿನ ನಮ್ಮದು. ‘ಮಿಕ್ಕಿದ್ದು?’ ಬೇರೆಯವರದ್ದು. ‘ಪಾಣಿ ಕೊಟ್ರಾ?’ ಪಹಣಿ ಗಿಹಣಿ ಏನೂ ಇಲ್ಲಪ್ಪ, ಬರೀ ಇರೋ ಹಕ್ಕು. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದರು: ‘ಇದು ನಮ್ ನಾಲೆ ಕಟ್ಟು ನೀರ್ ಇದ್ದಂಗೆ ಕಣವ್ವ. ನಮ್ ಸರದಿ ಅಂತಾರೆ, ಬೇಕಾದಾಗ ಕಟ್ತಾರೆ, ಮಳೆ ಉಯ್ಯೋವಾಗ ಬುಡ್ತಾರೆ.’

ಗೊತ್ತಿಲ್ಲದವರಿಗೆ: ನಾಲೆಗೆ ನೀರು ಒಂದೇ ಸಮ ಹರಿಸದೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸೋದಕ್ಕೆ ಕಟ್ಟು ಪದ್ಧತಿ ಅಂತಾರೆ. ನಮ್ಮಂಥ ಮೆಂಬರ್‌ಶಿಪ್ಪಿಗೆ ಟೈಮ್‌ಶೇರ್ ಅಂತಾರೆ, ಅದನ್ನ ಇದಕ್ಕಿಂತ ಚೆನ್ನಾಗಿ ವಿವರಿಸಿದವರನ್ನ ನಾನು ಇವತ್ತಿನವರೆಗೂ ಕಂಡಿಲ್ಲ. 1960ರ ದಶಕದಲ್ಲಿ ಯುರೋಪಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ, ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಸ್ಕೀಯಿಂಗ್ ಊರುಗಳಲ್ಲಿ ಶುರುವಾದ ಏರ್ಪಾಟಂತೆ ಇದು. ಬೆಟ್ಟದ ಮೇಲೊಂದು ಮನೆ ಕೊಳ್ಳೋ ಶಕ್ತಿ ಇಲ್ಲದವರಿಗೆ ಅದರ ಒಂದು ವಾರ ಮಾರೋದು. ಅಮೆರಿಕದಲ್ಲಿ ಕೆಲವು ಕಡೆ ಆ ವಾರಕ್ಕೂ ಕ್ರಯಪತ್ರ ಮಾಡಿಕೊಡ್ತಾರೆ, ಮಕ್ಕಳಿಗೆ ಆಸ್ತಿಯಾಗಿ ಹೋಗುತ್ತೆ, ಜೊತೆಗೆ ಅದರ ವಾರ್ಷಿಕ ಫೀಸೂ ಹೋಗುತ್ತೆ. ನಮಗೆ ಸಿಕ್ಕಿದ್ದು ಕಂಪನಿಯ ಕರಾರು, ಅಷ್ಟೇ. ಮನಸ್ಸು ಬದಲಾದರೆ 10 ದಿನದೊಳಗೆ ವಾಪಸ್ ಮಾಡಬಹುದು ಅಂತ ಏಳನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಯುರೋಪಿಯನ್ ಒಕ್ಕೂಟದಲ್ಲಿ 2008ರ ನಿಯಮದ ಪ್ರಕಾರ 14 ದಿನ, ಅಷ್ಟರೊಳಗೆ ಮುಂಗಡವನ್ನೇ ತೆಗೆದುಕೊಳ್ಳೋ ಹಾಗಿಲ್ಲ. ನಾನು ಏಳನೇ ಪುಟ ಓದಿದ್ದು ಮೂರು ವರ್ಷ ಆದ ಮೇಲೆ.

ಈಗ ಮಿಡ್ ಸೀಸನ್ ವಿಚಾರ. ನಾನು ಮೇಷ್ಟ್ರು. ನನಗೆ ರಜ ಇರೋದು ಏಪ್ರಿಲ್, ಮೇ, ಇನ್ನು ದಸರಾ. ಅವು ಮೂರೂ ಪೀಕ್ ಸೀಸನ್. ನಮ್ಮ ಮಿಡ್ ಸೀಸನ್ನಿನಲ್ಲಿ ಮಡಿಕೇರಿ ಕಡೆ ಸಲೀಸಾಗಿ ಸಿಗೋದು ಜೂನ್ ಕೊನೆಯಿಂದ ಸೆಪ್ಟೆಂಬರ್, ಅಂದರೆ ಮಳೆಗಾಲ, ಶಾಲೆಯಲ್ಲಿ ಕಿರುಪರೀಕ್ಷೆಯ ಕಾಲ. ನಾನು ಟೀಚರ್ ಅಂತ ಆ ಟೈ ಹುಡುಗನಿಗೆ ಗೊತ್ತಿತ್ತು. ‘ವಿದ್ಯೆ ಕೊಡೋ ಕೈ ಮೇಡಂ ನಿಮ್ಮದು’ ಅಂತ ಬೇರೆ ಹೇಳಿದ್ದ. ಪೀಕ್ ಸೀಸನ್ನಿನದು ಆವತ್ತಿನ ಲೆಕ್ಕಕ್ಕೆ ಐದು ಲಕ್ಷದ ಮೇಲಿತ್ತು. ಅದನ್ನ ಅವನು ನಮಗೆ ತೋರಿಸಲೇ ಇಲ್ಲ. ನಮ್ಮ ವ್ಯಾಗನ್ ಆರ್ ನೋಡಿಯೇ ಮಿಡ್ ಸೀಸನ್ ಹಾಳೆ ತೆಗೆದಿದ್ದ ಅಂತ ಈಗ ಅನ್ನಿಸುತ್ತೆ. ಮೂರು ಹೊತ್ತು ಮಾತಾಡುವ ಸಮಾಜಶಾಸ್ತ್ರದವರಿಗಿಂತ ಈ ಹುಡುಗರಿಗೆ ವರ್ಗದ ವಿಷಯ ಚೆನ್ನಾಗಿ ಗೊತ್ತು. ಚಪ್ಪಲಿ ನೋಡಿ ಸೀಸನ್ ಹೇಳ್ತಾರೆ.

ಬುಕಿಂಗ್‌ಗೆ ಒಂದು ಸ್ಟಾರ್. ಅದೂ ಫೋನಿನಲ್ಲಿ ಮಾತಾಡೋ ಮಕ್ಕಳ ತಾಳ್ಮೆಗೆ. ದೊಡ್ಡ ಮೆಂಬರ್‌ಗಳಿಗೆ ಮೊದಲು ಕಿಟಕಿ ತೆರೆಯುತ್ತೆ, ನಮ್ಮಂಥವರಿಗೆ ಆಮೇಲೆ. ಒಂಬತ್ತು ಗಂಟೆಗೆ ಸರಿಯಾಗಿ ಸ್ಟಾಫ್ ರೂಮಿನಲ್ಲಿ ಫೋನು ಹಿಡ್ಕೊಂಡು ಕೂತರೆ ‘ವೇಟ್‌ಲಿಸ್ಟ್ ಮೇಡಂ’. ಅಪ್ಪ ಈ ಬುಕಿಂಗಿನವರಿಗೆ ನೀರ್ಗಂಟಿ, ಅಂದರೆ ಗದ್ದೆಗೆ ನೀರು ಬಿಡೋನು, ಅಂತಲೇ ಹೆಸರಿಟ್ಟರು. ‘ನೀರ್ಗಂಟಿ ಏನಂದ? ಈ ಸಲ ನೀರ್ ಬುಟ್ರಾ?’ ಅಂತ ಪ್ರತಿ ವರ್ಷ ಕೇಳ್ತಾರೆ. ಮೇಲಿನ ಗದ್ದೆಯವನು ನೀರು ಕಟ್ಟಿಕೊಂಡರೆ ಕೆಳಗಿನ ಗದ್ದೆಯವನು ಮಾಡೋ ಜಗಳ ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿ ಜಗಳ ಆಡೋಕೂ ಮೇಲಿನ ಗದ್ದೆಯವನ ಮುಖ ಕಾಣಲ್ಲ.

ವಿದೇಶದ ಕಥೆಯೂ ಹೀಗೇ. ನಮ್ಮ ರಾತ್ರಿಗಳನ್ನ ಆರ್‌ಸಿಐ ಅನ್ನೋ ವಿನಿಮಯದ ಸಂಸ್ಥೆಗೆ ಒಪ್ಪಿಸಿ ಬೇರೆ ದೇಶದ ರೆಸಾರ್ಟಿನಲ್ಲಿ ಇರಬಹುದು. 1974ರಲ್ಲಿ ಅಮೆರಿಕದಲ್ಲಿ ಶುರುವಾದದ್ದು ಅದು, ಸಾವಿರಾರು ರೆಸಾರ್ಟಿದೆ ಅನ್ನುತ್ತಾರೆ. ಪ್ರೆಸೆಂಟೇಷನ್ನಿನಲ್ಲಿ ಸ್ಪೇನು, ಥಾಯ್ಲೆಂಡು ಎಲ್ಲ ತೋರಿಸಿದ್ದರು. ಆದರೆ ಅದೂ ಸಂತೆಯ ಲೆಕ್ಕವೇ, ನೀವು ತಂದದ್ದಕ್ಕೆ ಎಷ್ಟು ಜನ ಕೈ ಚಾಚ್ತಾರೋ ಅಷ್ಟೇ ಬೆಲೆ. ಮಳೆಗಾಲದ ಸ್ಟುಡಿಯೋ ರೂಮು ತಗೊಂಡು ಹೋಗಿ ಕ್ರಿಸ್‌ಮಸ್ ವಾರದ ಸ್ಪೇನ್ ಕೊಡಿ ಅಂದರೆ ಯಾರು ಕೊಡ್ತಾರೆ? ಹುಳಿ ಮಜ್ಜಿಗೆ ತಂದು ತುಪ್ಪ ಕೇಳಿದ ಹಾಗೆ.

ಇನ್ನು ರೂಮು. ರೂಮಿಗೆ ನಾಲ್ಕು ಸ್ಟಾರ್ ಮನಸಾರೆ ಕೊಡ್ತೀನಿ. ಮಡಿಕೇರಿಯ ಬೆಟ್ಟದ ಇಳಿಜಾರು, ಬಾಲ್ಕನಿಯಲ್ಲಿ ನಿಂತರೆ ಮಂಜು ಬಂದು ರೇಲಿಂಗ್ ಮೇಲೆ ಕೂರುತ್ತೆ. ಹಾಸಿಗೆ ಬಟ್ಟೆ ಗರಿಗರಿ. ಮಗ ಈಜು ಕಲಿತದ್ದು ಅಲ್ಲೇ. ಮೊದಲ ಸಲ ಹೋದಾಗ ಮೂರು ದಿನ ನಾನು ಒಂದು ಲೋಟ ತೊಳೆಯಲಿಲ್ಲ. ಅದರ ಬೆಲೆ ಎಷ್ಟು ಅಂತ ಗಂಡಸರಿಗೆ ಲೆಕ್ಕ ಹಾಕೋಕೆ ಬರಲ್ಲ.

ಊಟಕ್ಕೆ ಮಾತ್ರ ಎರಡು. ಮೆಂಬರ್‌ಶಿಪ್ಪಿನಲ್ಲಿ ಊಟ ಸೇರಿಲ್ಲ. ರಾತ್ರಿ ಬಫೆ ತಲೆಗೆ 1,200 ಚಿಲ್ಲರೆ. ಮೂರು ಜನಕ್ಕೆ ಮೂರು ದಿನ, ಎರಡು ಹೊತ್ತು ಅಂತ ಹಿಡಿದರೆ ಇಪ್ಪತ್ತು ಸಾವಿರ ದಾಟುತ್ತೆ. ಎರಡನೇ ವರ್ಷದಿಂದ ನಾವು ರಾಗಿ ಹಿಟ್ಟು, ಅಕ್ಕಿ, ಸಾರಿನ ಪುಡಿ, ಇಂಡಕ್ಷನ್ ಒಲೆ, ಕುಕ್ಕರ್ ಎಲ್ಲ ಡಿಕ್ಕಿಯಲ್ಲಿ ತುಂಬಿಕೊಂಡು ಹೋಗೋಕೆ ಶುರು ಮಾಡಿದ್ವಿ. ರೂಮಿನಲ್ಲಿ ‘ಕಿಚನೆಟ್’ ಅಂತ ಒಂದು ಮೂಲೆ ಇದೆ, ಎರಡು ತಟ್ಟೆ, ಎರಡು ಚಮಚ, ಒಂದು ಕೆಟಲ್. ಅಲ್ಲಿ ಅಡಿಗೆ ಮಾಡಬಹುದಾ ಅಂತ ಕೇಳೋಕೆ ನಾಚಿಕೆ. ಹಾಗಾಗಿ ಪರದೆ ಎಳೆದು, ಬಾಗಿಲ ಸಂದಿಗೆ ಟವಲ್ ಒತ್ತಿ ಬಸ್ಸಾರಿಗೆ ಸೊಪ್ಪು ಬೇಯಿಸ್ತಾ ಇದ್ದೆ. ಇವರು ಅದೇ ಹೊತ್ತಿಗೆ ಕಾಫಿಗೆ ಅಂತ ಕೆಟಲ್ ಹಾಕಿದರು. ಢಬ್ ಅಂತ ಕರೆಂಟ್ ಹೋಯಿತು. ಒಲೆ 2,000 ವ್ಯಾಟ್, ಕೆಟಲ್ 1,500. ಎರಡೂ ಸೇರಿ 3,500ನ್ನ 230 ವೋಲ್ಟಿಗೆ ಭಾಗಿಸಿದರೆ 15 ಆಂಪ್ಸ್ ಮೇಲೆ. ಅಲ್ಲಿದ್ದದ್ದು 10 ಆಂಪ್ಸ್ ಎಂಸಿಬಿ, ಲೋಡು ಜಾಸ್ತಿಯಾದರೆ ತಾನೇ ಬೀಳೋ ಸ್ವಿಚ್ಚು. ಬೇರೆಯವರಾಗಿದ್ದರೆ ರಿಸೆಪ್ಷನ್ನಿಗೆ ಫೋನು ಮಾಡ್ತಿದ್ದರು. ಇವರು ಪಂಚೆ ಎತ್ತಿ ಕಟ್ಟಿ, ಕುರ್ಚಿ ಹತ್ತಿ, ಮೊಬೈಲ್ ಬೆಳಕಿನಲ್ಲಿ ಡಿಬಿ ಬಾಕ್ಸ್ ತೆಗೆದರು. ಒಂದು ಲೈನಿನ ಮೇಲೆ ನಾಲ್ಕು ರೂಮಿನ ಕಾರಿಡಾರ್ ದೀಪ ಬೇರೆ ಹಾಕಿದ್ದರಂತೆ. ‘ಮೂರು ಲಕ್ಷ ಇಸ್ಕೊಂಡು ಇಂಥಾ ವೈರಿಂಗಾ’ ಅಂತ ಬೈಯ್ಕೊಂಡು ಸ್ವಿಚ್ ಮೇಲೆತ್ತಿದರು.

ಬಾಗಿಲು ತೆಗೆದು ನೋಡಿದರೆ ಕಾರಿಡಾರಿನಲ್ಲಿ ಆಚೀಚೆ ರೂಮಿನವರೆಲ್ಲ ನಿಂತಿದ್ದಾರೆ. ಎದುರು ರೂಮಿನ ಗುಜರಾತಿ ಅಜ್ಜಿಯ ಹಿಂದೆ ನೆಲದ ಮೇಲೆ ಥೇಪ್ಲಾ ಡಬ್ಬಗಳ ಸಾಲು. ಅದರಾಚೆ ಹೈದರಾಬಾದಿನವರ ರೂಮಿನಿಂದ ಗೋಂಗೂರದ ಘಮ. ನನ್ನ ರೂಮಿನಿಂದ ಹುರುಳಿಕಾಳು ಬಸ್ಸಾರು. ಲಕ್ಷ ಲಕ್ಷ ಕೊಟ್ಟು ಬಂದ ನಾಲ್ಕು ಮನೆಯವರು ಒಬ್ಬರಿಗೊಬ್ಬರು ಕಾಣದ ಹಾಗೆ ಅಡಿಗೆ ಮಾಡ್ತಾ ಇದ್ದೆವು. ಯಾರೂ ಏನೂ ಹೇಳಲಿಲ್ಲ. ಎಲ್ಲರೂ ‘ಪವರ್ ಕಟ್, ಪವರ್ ಕಟ್’ ಅಂದು ಒಳಗೆ ಹೋದೆವು. ಮಾರನೇ ದಿನ ಬೆಳಿಗ್ಗೆ ಅಜ್ಜಿ ನಾಲ್ಕು ಥೇಪ್ಲಾ ತಂದುಕೊಟ್ಟರು.

ಆದರೆ ಮೆಂಬರ್‌ಗಳ ಜಂಬ ಕಡಿಮೆಯದ್ದೇನಲ್ಲ, ನನ್ನದೂ ಸೇರಿ. ಕಂಪನಿ ಕಾರಿಗೆ ಹಚ್ಚೋಕೆ ಒಂದು ಸ್ಟಿಕರ್ ಕೊಟ್ಟಿತ್ತು. ಅದನ್ನ ಹಿಂದಿನ ಗಾಜಿಗೆ ಹಚ್ಚಿ, ಬೇಕಂತಲೇ ಶಾಲೆಯ ಗೇಟಿನ ಕಡೆಗೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ‘ನಮ್ಮ ರೆಸಾರ್ಟು’ ಅನ್ನುತ್ತಿದ್ದೆ. ನಮ್ಮ! ಅಲ್ಲಿ ಆ್ಯಪಿನಲ್ಲಿ ಆಫರ್ ನೋಡಿ ಒಂದು ರಾತ್ರಿಗೆ 4,800 ಕೊಟ್ಟು ಬಂದವರನ್ನ ಕಂಡರೆ ಮೆಂಬರ್‌ಗಳಿಗೆ ಆಗಲ್ಲ. ‘ಔಟ್‌ಸೈಡರ್ಸ್ ಜಾಸ್ತಿ ಆಗಿಬಿಟ್ಟಿದ್ದಾರೆ’ ಅಂತ ಈಜುಕೊಳದ ಹತ್ತಿರ ನನಗೆ ಒಬ್ಬರು ಹೇಳಿದರು. ಆ ಔಟ್‌ಸೈಡರ್‌ಗೆ ಕಣಿವೆ ಕಾಣೋ ರೂಮು ಸಿಕ್ಕಿತ್ತು, ನನಗೆ ಪಾರ್ಕಿಂಗ್ ಕಾಣೋದು.

ಇವರ ಅಣ್ಣ, ನಮ್ಮ ಭಾವ, ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದರು. ಅವರ ಮನೆಯ ಪ್ರವಾಸ ಬೇರೆ ಥರ. ‘ಐಬಿಯಲ್ಲಿ ಹೇಳಿದ್ದೀನಿ’ ಅಂದರೆ ಮುಗೀತು. ಯಾವ ಊರಿನ ಪ್ರವಾಸಿ ಮಂದಿರವಾದರೂ ಬಾಗಿಲು ತೆರೆಯುತ್ತಿತ್ತು, ಅಡಿಗೆಯವನು ನಾಟಿಕೋಳಿ ಸಾರು ಮಾಡಿಟ್ಟಿರುತ್ತಿದ್ದ, ಬಾಡಿಗೆ ನೂರೋ ಇನ್ನೂರೋ. ನಾನು ಮೆಂಬರ್‌ಶಿಪ್ ವಿಷಯ ಹೇಳಿದಾಗ ನನ್ನ ಓರಗಿತ್ತಿ ಕಾಫಿ ಲೋಟ ಕೆಳಗಿಟ್ಟು, ‘ದುಡ್ಡು ಕೊಟ್ಟರೆ ಯಾರು ಬೇಕಾದ್ರೂ ಹೋಗ್ಬೋದು ಬಿಡಮ್ಮ’ ಅಂದರು. ಆ ಮಾತಿನ ಮುಂದೆ ನನ್ನ ಸ್ಟಿಕರ್ರು, ವೆಲ್‌ಕಮ್ ಡ್ರಿಂಕು ಎಲ್ಲ ಸಪ್ಪೆಯಾಯಿತು. ಬಿಲ್ಲು ಕಟ್ಟೋನಿಗಿಂತ ಬಿಲ್ಲೇ ಬಾರದವನು ದೊಡ್ಡವನು ಅನ್ನೋದು ನಮ್ಮ ಕಡೆಯ ಹಳೇ ಲೆಕ್ಕ, ನಾನು ಮರೆತಿದ್ದೆ.

2019ರಲ್ಲಿ ಭಾವ ರಿಟೈರಾದರು. ಐಬಿಗೆ ಫೋನು ಮಾಡಿದರೆ ‘ಮಿನಿಸ್ಟರ್ ಕಡೆಯವರು ಬಂದಿದ್ದಾರೆ ಸಾರ್’ ಅನ್ನೋಕೆ ಶುರುಮಾಡಿದರಂತೆ. ಒಂದು ದಿನ ಓರಗಿತ್ತಿ ಅಕ್ಕನೇ ಫೋನು ಮಾಡಿ, ‘ನಿಮ್ದು ಯೂಸ್ ಮಾಡ್ದೇ ಇರೋ ನೈಟ್ಸ್ ಏನಾದ್ರೂ ಇದ್ಯೇನಮ್ಮ?’ ಅಂದರು. ಕೊಟ್ಟೆ. ಎರಡು ರಾತ್ರಿ, ಅತಿಥಿ ಶುಲ್ಕ ಕೂಡ ನಾನೇ ಕಟ್ಟಿದೆ. ಸುಳ್ಳು ಯಾಕೆ ಹೇಳಲಿ, ಹದಿಮೂರು ವರ್ಷದಲ್ಲಿ ನನ್ನ ದುಡ್ಡು ಪೂರ್ತಿ ವಸೂಲಾಯಿತು ಅನ್ನಿಸಿದ್ದು ಆ ಎರಡು ರಾತ್ರಿ. ಆಗ ನಾನು ಮೈಸೂರಿನ ಮನೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ.

ಇವರ ಅಂಗಡಿಗೆ ಸಿದ್ದಾಪುರದ ಕಡೆಯ ಕಾಫಿ ಪ್ಲಾಂಟರ್ ಒಬ್ಬರು ಮೋಟಾರ್, ಕೇಬಲ್ಲಿಗೆ ಬರ್ತಾರೆ. ಮೆಂಬರ್‌ಶಿಪ್ ಬಗ್ಗೆ ಕೇಳಿ, ‘ನಾವು ರೂಮು ಬಾಡಿಗೆಗೆ ಕೊಡೋ ಜನ ಸಾರ್, ತಗೊಳ್ಳೋರಲ್ಲ’ ಅಂದರಂತೆ. ತೋಟದ ಮನೆ ಹೋಮ್‌ಸ್ಟೇ ಮಾಡಿದ್ದಾರೆ ಅವರು. ಇನ್ನು ಭಾವನ ಮಗ, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಒಂದು ಮದುವೆಯಲ್ಲಿ ಸಿಕ್ಕಿ, ‘ಚಿಕ್ಕಮ್ಮ, ಇನ್ನೂ ಅದನ್ನ ಇಟ್ಕೊಂಡಿದ್ದೀರಾ? ಅದೆಲ್ಲ ಅಂಕಲ್ ಆಂಟಿಗಳದ್ದು’ ಅಂತ ನಕ್ಕ. ಅವನು ಸಕಲೇಶಪುರದಲ್ಲಿ ಸ್ವಂತ ಕೊಳ ಇರೋ ವಿಲ್ಲಾಕ್ಕೆ ರಾತ್ರಿಗೆ 18,000 ಕೊಟ್ಟಿದ್ದ, ಅದೂ ಕಾರ್ಡಿನ ಕಂತಿನಲ್ಲಿ. ಪ್ರದರ್ಶನದಲ್ಲಿ ಕೂಪನ್ ತುಂಬೋರನ್ನ ಕಂಡು ಅವನು ನಗ್ತಾನೆ. ಅವನ ಫೋನೇ ಅವನಿಂದ ದಿನಾ ಕೂಪನ್ ತುಂಬಿಸಿಕೊಳ್ತಾ ಇದೆ.

2016ರಲ್ಲಿ ಅಪ್ಪನನ್ನ ಕರ್ಕೊಂಡು ಹೋಗಿದ್ದೆ. ಇದನ್ನ ಸ್ವಲ್ಪ ವಿವರವಾಗಿ ಬರೀಬೇಕು. ಹೊರಡೋ ಹಿಂದಿನ ರಾತ್ರಿ ನಾನೇ ಅಪ್ಪನಿಗೆ ‘ಪ್ಯಾಂಟ್ ಹಾಕ್ಕೊಳ್ಳಪ್ಪ’ ಅಂದೆ. ಅಪ್ಪ ಯಾಕೆ ಅಂತ ಕೇಳಲಿಲ್ಲ. ನನ್ನ ಮದುವೆಗೆ ಹೊಲಿಸಿದ್ದ ಬೂದು ಬಣ್ಣದ ಪ್ಯಾಂಟು, ಸೊಂಟಕ್ಕೆ ಸಡಿಲ, ಉಡಿದಾರದ ಹಾಗೆ ದಾರ ಕಟ್ಟಿಕೊಂಡು ಬಂದರು. ರಾತ್ರಿ ಹಾಸಿಗೆ ಮೆತ್ತಗಾಯಿತು ಅಂತ ನೆಲದ ಮೇಲೆ ಬೆಡ್‌ಶೀಟ್ ಹಾಸಿ ಮಲಗಿದರು. ಐದು ಗಂಟೆಗೆ ಎದ್ದು ಟೀ ಹುಡುಕಿಕೊಂಡು ಗೇಟಿನಾಚೆ ಹೋಗಿ ವಾಪಸ್ ಬಂದರು. ‘ಪ್ಯಾಂಟ್ ಹಾಕಂಡಿದ್ದಕ್ಕೆ ಗೇಟ್ನೋನು ಸಲ್ಯೂಟ್ ಹೊಡ್ದ ಕಣವ್ವ’ ಅಂದರು. ‘ನಾಳೆ ಪಂಚೆ ಉಟ್ಕಂಡ್ ಹೋಯ್ತೀನಿ. ಏನ್ ಮಾಡ್ತಾನೋ ನೋಡವ.’

ಬೇಡಪ್ಪ ಅಂದೆ. ಕೇಳಲಿಲ್ಲ. ಮಾರನೇ ಬೆಳಿಗ್ಗೆ ಪಂಚೆ, ಬನಿಯನ್ನು, ಹೆಗಲ ಮೇಲೆ ಟವಲ್ಲು. ಹೋಗುವಾಗ ಯಾರೂ ಏನೂ ಅನ್ನಲಿಲ್ಲ. ವಾಪಸ್ ಬರುವಾಗ ಅದೇ ಕಾವಲಿನವನು ಅಡ್ಡ ಬಂದ. ‘ಯಾರು ಬೇಕಿತ್ತು?’ ಅಪ್ಪ ‘ಯಾರೂ ಬ್ಯಾಡ’ ಅಂದರು. ‘ಎಲ್ಲಿಂದ ಬಂದ್ರಿ?’ ‘ಒಳಗಿಂದ.’ ‘ಗಾರ್ಡನ್ ಕೆಲಸಕ್ಕಾ?’ ಅಪ್ಪ ಅದಕ್ಕೆ ‘ಕೂಲಿ ಎಷ್ಟು ಕೊಟ್ಟಾರು?’ ಅಂತ ಕೇಳಿದರಂತೆ. ಅವನು ಹೇಳಿದನಂತೆ. ಕಡಿಮೆಯಾಯಿತು ಅಂತ ಅಪ್ಪ ಅಂದರಂತೆ. ಅಲ್ಲಿಂದ ಶುಂಠಿ ರೇಟಿಗೆ ಹೋಗಿ, ಅವನ ಊರು ಪಿರಿಯಾಪಟ್ಟಣದ ಹತ್ತಿರ ಅಂತ ಗೊತ್ತಾಗಿ, ತಂಬಾಕು ಮಾತಾಡಿ, ನಾನು ಹುಡುಕಿಕೊಂಡು ಹೋಗುವಾಗ ಇಬ್ಬರೂ ಕಾವಲಿನವನ ಗೂಡಿನಲ್ಲಿ ಬೀಡಿ ಸೇದುತ್ತಾ ಕೂತಿದ್ದರು. ಅವನು ನನ್ನ ಮಣಿಕಟ್ಟಿನ ಮೆಂಬರ್ ಪಟ್ಟಿ ನೋಡಿ ಗಾಬರಿಯಾಗಿ ಎದ್ದು ನಿಂತ. ‘ಕೂತ್ಕಳಪ್ಪ, ನನ್ ಮಗ್ಳು’ ಅಂದರು ಅಪ್ಪ. ಅವನ ಮೇಲೆ ದೂರು ಕೊಡೋಣ ಅಂತ ನಮ್ಮನೆಯವರು ಅಂದರು. ನಾನು ಬೇಡ ಅಂದೆ. ಅವನು ಗೇಟಿನಲ್ಲಿ ಕೇಳಿದ್ದನ್ನ ನಾನು ಮನೆಯಲ್ಲೇ ಕೇಳಿದ್ದೆ.

2018ರ ಆಗಸ್ಟಿನಲ್ಲಿ ನಮ್ಮ ಬುಕಿಂಗ್ ಇತ್ತು. ಆ ವಾರವೇ ಕೊಡಗಿನಲ್ಲಿ ಗುಡ್ಡ ಜರಿಯಿತು. ಮಕ್ಕಂದೂರು, ಜೋಡುಪಾಲ ಅಂತ ಟಿವಿಯಲ್ಲಿ ದಿನಾ ನೋಡಿದ್ವಿ. ಆ ನಾಲ್ಕು ರಾತ್ರಿ ಲ್ಯಾಪ್ಸ್ ಆಯಿತು, ಕಸ್ಟಮರ್ ಕೇರಿನ ಜೊತೆ ಒಂದು ತಿಂಗಳು ಇಮೇಲ್ ಯುದ್ಧ ಮಾಡಿದೆ. ಮುಂದಿನ ವರ್ಷ ಹೋದಾಗ ರೂಮು ಒರೆಸೋಕೆ ಬರ್ತಿದ್ದ ಹುಡುಗಿಯ ಹತ್ತಿರ ‘ಹೋದ ಸಲ ಬರೋಕಾಗಲಿಲ್ಲ, ನಾಲ್ಕು ನೈಟ್ ಹೋಯ್ತು’ ಅಂತ ಮಾತಿಗೆ ಹೇಳಿದೆ. ಅವಳು ಬಕೆಟ್ ಹಿಂಡುತ್ತಾ ‘ನಮ್ಮದು ಮನೆ ಹೋಯ್ತು ಮೇಡಂ’ ಅಂದಳು. ಒರೆಸಿ ಮುಗಿಸಿ ಟವಲ್ ಎಷ್ಟು ಬೇಕು ಅಂತ ಕೇಳಿದಳು.

ಈಗ ಲೆಕ್ಕ, ಇದಕ್ಕಾಗಿಯೇ ಕೆಲವರು ಓದುತ್ತಿರಬಹುದು. ವಾರ್ಷಿಕ ಫೀಸು ಅಂತ ಒಂದಿದೆ, ಹೋಗಲಿ ಬಿಡಲಿ ಕಟ್ಟಲೇಬೇಕು. ಮೊದಲ ವರ್ಷ 11,200 ಇದ್ದದ್ದು ಈಗ 21,800. ತೆರಿಗೆಯೇ ನಾವು ಸೇರಿದಾಗ ಸರ್ವಿಸ್ ಟ್ಯಾಕ್ಸ್ 12.36 ಇತ್ತು, 2017ರ ಜುಲೈಯಿಂದ ಜಿಎಸ್‌ಟಿ 18. ಕೊರೋನಾದಲ್ಲಿ ರೆಸಾರ್ಟಿಗೆ ಬೀಗ ಬಿದ್ದಿದ್ದಾಗಲೂ ಬಿಲ್ಲು ಬಂತು. ಹದಿಮೂರು ರಸೀದಿ ಕೂಡಿದರೆ 2,06,000. ಬಡ್ಡಿ ಸೇರಿ ಕೊಟ್ಟ 3,61,000ದಲ್ಲಿ ಹದಿಮೂರು ವರ್ಷದ ಪಾಲು 1,87,720. ಒಟ್ಟು 3,93,720. ನಮಗೆ ಬರಬೇಕಾದ ರಾತ್ರಿ 91, ನಾವು ಮಲಗಿದ್ದು 46. ಒಂದು ರಾತ್ರಿಗೆ 8,559 ರೂಪಾಯಿ, ಊಟ ಬೇರೆ. 91 ರಾತ್ರಿಯೂ ಮಲಗಿದ್ದರೆ 4,327 ಆಗ್ತಿತ್ತು, ಅಂದರೆ ಆ ಔಟ್‌ಸೈಡರ್ ಕೊಟ್ಟದ್ದಕ್ಕಿಂತ ನಾನೂರೆಪ್ಪತ್ತು ರೂಪಾಯಿ ಕಡಿಮೆ. ಅದೇ 3,20,000ವನ್ನ ಆವತ್ತು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದರೆ? ಆಗ ಬಡ್ಡಿ ಶೇ. 9ರ ಹತ್ತಿರ ಇತ್ತು, ಎಂಟು ವರ್ಷಕ್ಕೆ ದುಪ್ಪಟ್ಟು. ಈ ಲೆಕ್ಕವನ್ನ ನಾನು ಚಕ್ರಬಡ್ಡಿ ಪಾಠದಲ್ಲಿ ಹೆಸರು ಬದಲಾಯಿಸಿ ಪ್ರತಿ ವರ್ಷ ಕೊಡ್ತೀನಿ. ‘ಆ ಟೀಚರ್ ಯಾಕ್ ಮೇಡಂ ಅಷ್ಟು ದಡ್ಡಿ?’ ಅಂತ ಒಂದು ಹುಡುಗಿ ಕೇಳಿದಳು.

ಹಾಗಾದರೆ ಯಾರಿಗೆ ಆಗಬಹುದು? ಮಕ್ಕಳ ಶಾಲೆಯ ಹಂಗಿಲ್ಲದವರು, ಯಾವ ವಾರ ಅಂದರೆ ಆ ವಾರ ಹೊರಡಬಲ್ಲವರು, ಏಳು ರಾತ್ರಿಯನ್ನೂ ಬಿಡದೆ ಬಳಸೋ ಹಟದವರು. ನಮ್ಮ ಪರಿಚಯದ ರಿಟೈರ್ಡ್ ದಂಪತಿ ಇದ್ದಾರೆ, ವಾರದ ನಡುವೆ ಹೋಗ್ತಾರೆ, ರೂಮು ಸಿಗುತ್ತೆ, ತುಂಬಾ ಸುಖವಾಗಿದ್ದಾರೆ. ನೀವು ಟೀಚರ್ ಆಗಿದ್ದು ಯಾರಾದರೂ ಪೀಕ್ ಅಲ್ಲದ್ದು ತೋರಿಸಿದರೆ ಲೆಮನ್ ಟೀ ಕುಡಿದು ಎದ್ದು ಬನ್ನಿ. ಡಿನ್ನರ್ ಸೆಟ್ ಇಸ್ಕೊಂಡೇ ಬನ್ನಿ. ಸಹಿ ಹಾಕಿದ್ದರೆ ವಾಪಸಾತಿಯ ದಿನಗಳು ಎಷ್ಟು ಅಂತ ಆ ರಾತ್ರಿಯೇ ಹುಡುಕಿ. ಮೋಸ ಆಗಿದ್ದರೆ ಗ್ರಾಹಕ ಸಹಾಯವಾಣಿ 1915, ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಎರಡು ವರ್ಷದೊಳಗೆ ಹೋಗಬೇಕು, ನನ್ನ ಹಾಗೆ ಮೂರನೇ ವರ್ಷಕ್ಕೆ ಏಳನೇ ಪುಟ ಓದಬೇಡಿ.

ಮಾರೋಕೂ ನೋಡಿದೆ. ಸೆಕೆಂಡ್ ಹ್ಯಾಂಡ್ ಜಾಹೀರಾತಿಗೆ ಹಾಕಿದರೆ ಒಬ್ಬರು 40,000 ಅಂದರು, ಹೆಸರು ವರ್ಗಾವಣೆಯ ಶುಲ್ಕ ನನ್ನ ಮೇಲೆ. ಇನ್ನೊಬ್ಬ ಫೋನು ಮಾಡಿ ಐದು ಲಕ್ಷಕ್ಕೆ ಪಾರ್ಟಿ ರೆಡಿ ಇದೆ, ಮೊದಲು ಜಿಎಸ್‌ಟಿ ಅಂತ 15,000 ಕಳಿಸಿ ಅಂದ. ಈ ಥರ ಫೋನು ಮೆಂಬರ್‌ಗಳಿಗೆಲ್ಲ ಬರುತ್ತೆ, ಒಂದು ರೂಪಾಯಿ ಕಳಿಸಬೇಡಿ. ಮಗನಿಗೆ ಬರೆದುಕೊಡ್ತೀನಿ ಅಂದೆ. ಪುಣೆಯಲ್ಲಿದ್ದಾನೆ. ‘ಅಮ್ಮ, ಫೀಸೂ ನಾನೇ ಕಟ್ಬೇಕಾ?’ ಅಂದ. ಹೌದು ಅಂದೆ. ‘ಊರಿನ ಗದ್ದೆ ಬರೆದುಕೊಡು, ಅದಾದ್ರೆ ಆಗ್ಲಿ’ ಅಂದ. ಗದ್ದೆ ಅಪ್ಪನ ಹೆಸರಿನಲ್ಲೇ ಇದೆ.

ಒಟ್ಟಾರೆ ಎರಡೂವರೆ ಸ್ಟಾರ್.

ಹೋದ ವಾರ ನೀರ್ಗಂಟಿ ಒಲಿದ. ಜುಲೈ ಎರಡನೇ ವಾರ, ಮೂರು ರಾತ್ರಿ, ನನ್ನ ಎರಡು ಸಿಎಲ್ ಖರ್ಚು. ಅಪ್ಪನಿಗೆ ಫೋನು ಮಾಡಿದೆ. ಎಂಬತ್ತನಾಲ್ಕು ಈಗ, ಕಿವಿ ಸ್ವಲ್ಪ ಮಂದ. ‘ಜುಲೈನಾ? ಮಳೇಲಿ ಬುಟ್ಟವ್ನೆ ಅನ್ನು’ ಅಂತ ನಕ್ಕರು. ಬರ್ತೀಯಾ ಅಂದೆ. ‘ಆ ಪಿರಿಯಾಪಟ್ಟಣದೋನು ಅವ್ನಾ ಇನ್ನೂವೆ?’ ಅಂತ ಕೇಳಿದರು. ವಿಚಾರಿಸಿ ಹೇಳ್ತೀನಿ ಅಂದಿದ್ದೀನಿ. ನಮ್ಮನೆಯವರು ಅಂಗಡಿಯಿಂದ 800 ವ್ಯಾಟಿನ ಸಣ್ಣ ಕುಕ್ಕರ್ ಒಂದು ತಂದು ಬ್ಯಾಗಿನ ಪಕ್ಕ ಇಟ್ಟಿದ್ದಾರೆ, ಅದರ ಮೇಲೊಂದು ಟೆಸ್ಟರ್.